ಮಾತಿಗೆ ಕೊಟ್ಟ ಥಾಲರ್

ಥಾಲರ್ ಕಲ್ಲಿನ ಮೇಲೆ ಬಿದ್ದು ಠಪ್ ಎಂದಿತು, ಅಷ್ಟೆ. ಠಣ್ ಎನ್ನಲಿಲ್ಲ.

ಬಿಯರ್ ಮನೆಯಲ್ಲಿದ್ದ ಮೂವತ್ತು ನಲವತ್ತು ಜನ ಒಮ್ಮೆಲೇ ಮಾತು ನಿಲ್ಲಿಸಿದರು. ಮೇಲ್ಮನೆಯೆಂಬ ದೊಡ್ಡ ಒಕ್ಕಲುಮನೆಯ ಯಜಮಾನಿ ಒಟ್ಟೀಲಿಯಾ ನಾಣ್ಯವನ್ನು ಎತ್ತಿಕೊಂಡು, ಪೀಪಾಯಿ ಪಕ್ಕದ ಹಾಸುಗಲ್ಲಿನ ಮೇಲೆ ಈ ಸಲ ಇನ್ನಷ್ಟು ಎತ್ತರದಿಂದ ಬಿಟ್ಟಳು. ಮತ್ತೆ ಅದೇ ಸದ್ದು. ಒಣಗಿದ ಸೌದೆ ಚೂರು ಬಿದ್ದ ಹಾಗೆ.

"ಕೇಳಿಸ್ತೇನ್ರಪ್ಪಾ?" ಎಂದಳು ಆಕೆ, ಸುತ್ತ ನೋಡುತ್ತ. "ನಮ್ಮ ಯಜಮಾನ್ರು ಪೆಟ್ಟಿಗೇಲಿ ಇಟ್ಟು ಹೋದ ಬೆಳ್ಳಿ ಹೀಗೆ ಕೆಮ್ಮತಿರ್ಲಿಲ್ಲ."

ಅಫ್ರಾಳ ಕೈ ತಾನಾಗಿ ಕುಪ್ಪಸದ ಮೇಲೆ ಹೋಯಿತು. ಒಂದು ನಿಮಿಷದ ಹಿಂದೆ ಆ ಥಾಲರ್ ಅಲ್ಲಿ, ಎದೆಯ ಮೇಲಿನ ತೆಳು ಬೆಳ್ಳಿ ಸರಪಳಿಯಲ್ಲಿ ತೂಗುತ್ತಿತ್ತು. "ಎಲ್ಲಿ, ಕೊಡು ನೋಡೋಣ, ಕೊಂಡಿ ಹೇಗೆ ಹಾಕಿದ್ದಾನೆ ಕಮ್ಮಾರ" ಎಂದು ನಗುನಗುತ್ತಲೇ ಕೇಳಿದ್ದಳು ಭಾವೀ ಅತ್ತೆ. ಅಫ್ರಾಳೂ ನಗುತ್ತಲೇ ಬಿಚ್ಚಿಕೊಟ್ಟಿದ್ದಳು. ಬುದ್ಧಿ ಇರಬೇಕಿತ್ತು.

ಆ ಊರಲ್ಲಿ ಗಂಡು ಹೆಣ್ಣಿಗೆ ಮದುವೆಯ ಮಾತು ಕೊಟ್ಟನೆಂದರೆ ಬಾಯಲ್ಲಿ ಕೊಟ್ಟರೆ ಸಾಲದು, ಕೈಗೆ ಒಂದು ಬೆಳ್ಳಿ ನಾಣ್ಯ ಇಡಬೇಕು. ಹೆಣ್ಣು ಅದನ್ನು ಮುಷ್ಟಿ ಕಟ್ಟಿ ಹಿಡಿದಳೋ, ಮಾತು ಗಟ್ಟಿಯಾಯಿತು. ಆಮೇಲೆ ಬೆನ್ನು ತಿರುಗಿಸುವ ಹಾಗಿಲ್ಲ, ಅವಳೂ ಅಷ್ಟೆ, ಅವನೂ ಅಷ್ಟೆ. ಒಟ್ಟೀಲಿಯಾಳ ಒಬ್ಬನೇ ಮಗ ಕ್ವಿರಿನ್, ಕ್ರಿಸ್ಮಸ್ ಕಳೆದ ಮೂರನೆಯ ದಿನ ಕೊಟ್ಟಿಗೆಯ ಹಿಂದೆ ನಿಂತು, ತನ್ನ ಅಪ್ಪನ ಕಾಲದ ಮರಿಯಮ್ಮನ ಥಾಲರನ್ನು ಅಫ್ರಾಳ ಕೈಗಿಟ್ಟಿದ್ದ. ಒಂದು ಕಡೆ ರಾಜನ ಮುಖ, ಇನ್ನೊಂದು ಕಡೆ ಮಗುವನ್ನು ಎತ್ತಿಕೊಂಡು ಕೂತ ದೇವಮಾತೆ, ಬವೇರಿಯಾವನ್ನು ಕಾಯುವ ತಾಯಿ. ಹೊಸ ಮಾರ್ಕು ನಾಣ್ಯ ಬಂದು ಎರಡು ವರ್ಷವಾಗಿದ್ದರೂ ಹೆಂಗಸರು ಈ ಥಾಲರನ್ನು ಖರ್ಚು ಮಾಡುತ್ತಿರಲಿಲ್ಲ. ಕೊಂಡಿ ಹಾಕಿಸಿ ಎದೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು.

ಅಫ್ರಾಗೆ ಮೂವತ್ತೆರಡು. ಹದಿನಾಲ್ಕು ವರ್ಷ ಕೆಳಮನೆಯೆಂಬ ಇನ್ನೊಂದು ಒಕ್ಕಲುಮನೆಯಲ್ಲಿ ಹಾಲು ಕರೆದವಳು. ಇಂದು ಬೆಳಿಗ್ಗೆ ಪಾದ್ರಿಗಳು ಮೂರನೆಯ ಸಲ ಮದುವೆಯ ಪ್ರಕಟಣೆ ಓದಿದ್ದರು. ಈಸ್ಟರ್‌ಗೆ ಮುಂಚಿನ, ಮದುವೆ ನಡೆಯದ ತಪಸ್ಸುಕಾಲ ಶುರುವಾಗುವ ಮೊದಲು, ಬರುವ ಮಂಗಳವಾರವೇ ಮದುವೆ. ಮದುವೆಯನ್ನು ನಂಬಿ ಅವಳು ಫೆಬ್ರವರಿ ಎರಡರ ಮೇಣದಬತ್ತಿ ಹಬ್ಬದ ದಿನ ಕೆಳಮನೆಯ ಕೆಲಸ ಬಿಟ್ಟಾಗಿತ್ತು, ಮದುವೆಯ ತನಕ ಮಾತ್ರ ಅಲ್ಲೇ ಅಟ್ಟದ ಮೇಲೆ ಮಲಗುತ್ತಿದ್ದಳು. ಆ ಸೀಮೆಯಲ್ಲಿ ಆಳುಗಳು ಮನೆ ಬದಲಾಯಿಸುವುದು ವರ್ಷಕ್ಕೆ ಅದೊಂದೇ ದಿನ. ಆ ದಿನ ತಪ್ಪಿಸಿಕೊಂಡವಳಿಗೆ ಮುಂದಿನ ವರ್ಷದ ತನಕ ಯಾವ ಬಾಗಿಲೂ ತೆರೆಯುವುದಿಲ್ಲ.

"ಅತ್ತೆ, ಇದು ಅದೇ ನಾಣ್ಯ" ಎಂದಳು ಅಫ್ರಾ. "ದೇವರಾಣೆ ಅದೇ. ಕ್ವಿರಿನ್, ನೀನೇ ಹೇಳು."

ಕ್ವಿರಿನ್ ಬಾಯಲ್ಲಿ ಕಡುಬು ತುರುಕಿಕೊಂಡವನ ಹಾಗೆ ನಿಂತಿದ್ದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ ಅವನದು. "ನೋಡೋಕೆ... ಅದೇ ಥರ ಇದೆಯಪ್ಪ" ಎಂದ, ತನ್ನ ಬಿಯರ್ ಲೋಟದೊಳಗೆ ನೋಡುತ್ತ.

"ಥರ!" ಎಂದಳು ಅವನ ತಾಯಿ. "ಕೇಳಿದ್ರಾ? ನನ್ನ ಮಗನೇ ಹೇಳ್ತಿದ್ದಾನೆ, ಅದೇ *ಥರ*."

ಮೂಲೆಯಲ್ಲಿ ಕೂತಿದ್ದ ದನದ ದಲ್ಲಾಳಿ ಬೆನ್ನೋ ಕಿಸಕ್ಕನೆ ನಕ್ಕ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ಇಷ್ಟು ಸಾಕಲ್ಲ? ಕಳ್ಳ ಥಾಲರ್‌ಗಳು ಆ ವರ್ಷ ಎಲ್ಲೆಲ್ಲೂ ಓಡಾಡುತ್ತಿದ್ದವು. ಸೀಸದ ಮೇಲೆ ಬೆಳ್ಳಿ ಬಳಿದಂಥವು. ಬೆಂಚಿನಿಂದ ಬೆಂಚಿಗೆ ಮಾತು ಹರಿಯಿತು. ಹಾಲಿನವಳು ನಿಜವಾದದ್ದನ್ನು ಮಾರಿಕೊಂಡು ಸೀಸದ್ದನ್ನು ಎದೆಗೆ ಕಟ್ಟಿಕೊಂಡಿದ್ದಾಳಂತೆ.

"ಅಲ್ರೀ" ಎಂದು ಎದ್ದ ಕಮ್ಮಾರ ಲೊರೆಂಟ್ಸ್. "ಕೊಂಡಿ ಬೆಸುಗೆ ಹಾಕಿದ್ದು ನಾನು. ಬೆಸುಗೆ ಬಿದ್ದ ಬೆಳ್ಳಿ ಮೊಳಗೋದಿಲ್ಲ, ಅದು ಅದರ ಗುಣ. ಯಾವ ಕಮ್ಮಾರನನ್ನ ಬೇಕಾದ್ರೂ ಕೇಳಿ."

"ಓಹೋ, ನಿನ್ನ ಕೈಗೆ ಹೋಗಿ ಬಂದಿದೆ ಅನ್ನು!" ಎಂದ ಬೆನ್ನೋ. "ಹಾಗಾದ್ರೆ ಒಳ್ಳೇದು ನಿನ್ನ ಮನೇಲೇ ಇರಬೇಕಲ್ಲ ಲೊರೆಂಟ್ಸ್? ಹೆಂಡ್ತಿ ಸರಪಳಿ ಹುಡುಕಬೇಕಾ?"

ಎಲ್ಲರೂ ಗೊಳ್ಳೆಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಲೊರೆಂಟ್ಸ್ ಪಕ್ಕದಲ್ಲಿದ್ದ ಹೆಂಡತಿಯ ಕುಪ್ಪಸದ ಕಡೆ ಒಮ್ಮೆ ಕಣ್ಣು ಹಾಯಿಸಿದ. ಅದಕ್ಕೂ ನಕ್ಕರು. ಅವನು ತಲೆ ತಗ್ಗಿಸಿ ಕೂತುಬಿಟ್ಟ.

ಅಫ್ರಾ ಒಟ್ಟೀಲಿಯಾಳ ಎದೆಯನ್ನು ನೋಡಿದಳು. ಅಲ್ಲಿ ಮೂರೆಳೆಯ ದಪ್ಪ ಸರಪಳಿ. ಅದರಲ್ಲಿ ಹನ್ನೆರಡು ನಾಣ್ಯ, ಹನ್ನೆರಡಕ್ಕೂ ಕೊಂಡಿ. ಅವಳಿಗೆ ಸಿಟ್ಟು ಬಂತು. ಅಷ್ಟು ಜನರ ಮುಂದೆ ಅವಳಿಗೆ ಜೀವನದಲ್ಲಿ ಮೊದಲ ಸಲ ಸಿಟ್ಟು ಬಂದದ್ದು.

"ನಿಮ್ಮದರಲ್ಲಿ ಒಂದನ್ನ ಕಲ್ಲಿನ ಮೇಲೆ ಹಾಕಿ ನೋಡಿ ಅತ್ತೆ. ಅದೂ ಹೀಗೇ ಅನ್ನತ್ತೆ."

ಒಟ್ಟೀಲಿಯಾ ದನಿ ಏರಿಸಲಿಲ್ಲ. "ಇವು ನಮ್ಮಜ್ಜಿಯ ಕಾಲದಿಂದ ಬಂದದ್ದು ಕಣೇ. ಇವನ್ನ ಕುಟ್ಟಿ ನೋಡೋ ಧೈರ್ಯ ಈ ಊರಲ್ಲಿ ಯಾರಿಗಿದೆ? ಇದ್ರೆ ಬರ್ಲಿ ಮುಂದೆ."

ಯಾರೂ ಬರಲಿಲ್ಲ. ಮೇಲ್ಮನೆಯ ಕಾಡಿನಿಂದ ಸೌದೆ ತರದವರು ಅಲ್ಲಿ ಯಾರಿದ್ದರು!

ಆಗ ಬಾಯಿ ಬಿಟ್ಟವನು ಕ್ವಿರಿನ್. ಪಾಪ, ಒಳ್ಳೆಯದನ್ನೇ ಮಾಡಲು ಹೊರಟಿದ್ದ. "ಯಾಕಮ್ಮಾ ಇಷ್ಟೆಲ್ಲ? ಕತ್ತರಿಸಿ ನೋಡಿದ್ರಾಯ್ತಲ್ಲ. ಒಳಗೂ ಬೆಳ್ಳಿ ಇದ್ರೆ ನಮ್ಮದೇ. ಅಲ್ಲಿಗೆ ಎಲ್ಲ ಸರಿಹೋಗತ್ತೆ."

"ಕತ್ತರಿಸು ಮತ್ತೆ" ಎಂದಳು ತಾಯಿ ತಕ್ಷಣ.

ಕ್ವಿರಿನ್ ನಾಣ್ಯವನ್ನು ಕೈಗೆ ತೆಗೆದುಕೊಂಡ. ಮೇಲೆ ದೇವಮಾತೆ ಇದ್ದಳು. ತಿರುಗಿಸಿದ, ರಾಜ. ಆದರೆ ರಾಜನನ್ನು ಕತ್ತರಿಸಿದರೆ ಬೆನ್ನಿಗೆ ಅವಳೂ ತುಂಡಾಗುತ್ತಾಳಲ್ಲ. ಬಿಸಿ ಕೆಂಡ ಹಿಡಿದವನಂತೆ ಅದನ್ನು ಮೇಜಿನ ಮೇಲಿಟ್ಟು ಶಿಲುಬೆ ಗುರುತು ಹಾಕಿಕೊಂಡ.

ಬೆನ್ನೋ ಹೋಗಿ ಪೀಪಾಯಿ ಒಡೆಯುವ ಉಳಿ, ಸುತ್ತಿಗೆ ತಂದಿಟ್ಟ. "ನಾನು ತರೋನು ಮಾತ್ರ" ಎಂದ. "ತಾಯಿ ಕುತ್ತಿಗೆಗೆ ಉಳಿ ಇಡೋ ಕೈಗೆ ಲಕ್ವ ಹೊಡೆಯತ್ತಂತೆ." ಲೊರೆಂಟ್ಸ್ ಕಡೆ ನೋಡಿದರು, ಅವನು ತಲೆ ಅಲ್ಲಾಡಿಸಿದ. ಬಿಯರ್ ಮನೆಯವನು ಎರಡೂ ಕೈಯನ್ನು ಏಪ್ರನ್‌ನೊಳಗೆ ಬಚ್ಚಿಟ್ಟುಕೊಂಡ.

"ಯಾರ ಮರ್ಯಾದೆ ಪ್ರಶ್ನೆಯೋ ಅವರೇ ಕತ್ತರಿಸ್ಲಿ" ಎಂದಳು ಒಟ್ಟೀಲಿಯಾ. "ಬೇಡ ಅಂದ್ರೆ ಬೇಡ. ಕಳ್ಳತನ ಒಪ್ಕೊಂಡ ಹಾಗಾಯ್ತು, ಮನೆಗೆ ಹೋಗೋಣ."

ಅಫ್ರಾ ಸುತ್ತ ನೋಡಿದಳು. ಹದಿನಾಲ್ಕು ವರ್ಷ ಇವರ ಜೊತೆ ಇಗರ್ಜಿಯಲ್ಲಿ ಮೊಣಕಾಲೂರಿದ್ದಾಳೆ. ಇವರಲ್ಲಿ ಎಷ್ಟು ಜನರ ದನಗಳಿಗೆ ಕರು ಹಾಕಿಸಿಲ್ಲ? ಒಬ್ಬರಾದರೂ "ಸಾಕು ಬಿಡ್ರೇ" ಅನ್ನಬಹುದು ಎಂದು ಕಾದಳು. ಎಲ್ಲರ ಕಣ್ಣೂ ಉಳಿಯ ಮೇಲಿತ್ತು. ಅವರಿಗೆ ನೋಡಬೇಕಿತ್ತು, ಅಷ್ಟೆ.

ಅವಳು ನಾಣ್ಯವನ್ನು ಕಲ್ಲಿನ ಮೇಲಿಟ್ಟಳು, ರಾಜನ ಮುಖ ಮೇಲೆ ಮಾಡಿ. "ತಾಯೀ, ಕ್ಷಮಿಸು" ಎಂದು ಬಾಯೊಳಗೇ ಹೇಳಿಕೊಂಡು ಉಳಿ ಇಟ್ಟಳು. ಮೊದಲ ಏಟಿಗೆ ಬರೀ ಗೀರು ಬಿತ್ತು. ಎರಡನೆಯದಕ್ಕೆ ನಾಣ್ಯ ಬಾಗಿತು. ಹಿಂದೆ ಯಾರೋ ಹೆಂಗಸು ಜಪ ಶುರುಮಾಡಿದಳು. ಅಫ್ರಾ ಹಲ್ಲು ಕಚ್ಚಿ ಮೂರನೆಯದನ್ನು, ನಾಲ್ಕನೆಯದನ್ನು ಹೊಡೆದಳು. ಐದನೆಯದಕ್ಕೆ ಥಾಲರ್ ಎರಡು ಹೋಳಾಯಿತು.

ಲೊರೆಂಟ್ಸ್ ಓಡಿ ಬಂದು ಒಂದು ಹೋಳನ್ನು ಕಿಟಕಿಯ ಬೆಳಕಿಗೆ ಹಿಡಿದ. ಕತ್ತರಿಸಿದ ಅಂಚು ಈ ಕಡೆಯಿಂದ ಆ ಕಡೆಯವರೆಗೆ ಬೆಳ್ಳಗೆ ಹೊಳೆಯಿತು.

"ಅಪ್ಪಟ ಬೆಳ್ಳಿ!" ಎಂದ. "ನಾನು ಹೇಳ್ಲಿಲ್ವಾ? ನೋಡಿ, ನೋಡಿ, ಅಪ್ಪಟ!"

ಕ್ವಿರಿನ್ ನಕ್ಕ. ಹತ್ತಿರ ಬಂದು ಅವಳ ಹೆಗಲ ಮೇಲೆ ಕೈಯನ್ನೂ ಇಟ್ಟ. ಅಫ್ರಾಳ ಕಣ್ಣು ತುಂಬಿ ಬಂತು. ಎಷ್ಟು ಸಂತೋಷವಾಯಿತೆಂದರೆ, ಅವಳು ಅತ್ತೆಯನ್ನೂ ಆ ಕ್ಷಣ ಕ್ಷಮಿಸಿಬಿಟ್ಟಿದ್ದಳು.

ಒಟ್ಟೀಲಿಯಾ ಎರಡು ಹೋಳುಗಳನ್ನೂ ತೆಗೆದುಕೊಂಡು ಅಂಗೈಯಲ್ಲಿ ಜೋಡಿಸಿ ನೋಡಿದಳು. ಉಳಿ ದೇವಮಾತೆಯ ಕುತ್ತಿಗೆಯಲ್ಲೇ ಹಾದುಹೋಗಿತ್ತು. ಮಗು ಒಂದು ಹೋಳಿನಲ್ಲಿ, ತಾಯಿಯ ಮುಖ ಇನ್ನೊಂದರಲ್ಲಿ. ಆಕೆ ಅದನ್ನು ಮೊದಲು ಹೆಂಗಸರ ಬೆಂಚಿಗೆ ತೋರಿಸಿದಳು, ಆಮೇಲೆ ಗಂಡಸರಿಗೆ.

"ಬೆಳ್ಳಿ ನಿಜ" ಎಂದಳು. "ನಾನು ತಪ್ಪು ತಿಳ್ಕೊಂಡೆ, ಒಪ್ಪಿದೆ. ಆದ್ರೆ ನೀವೇ ಹೇಳಿ, ಇಲ್ಲಿ ಗಂಡಸರ ಕೈಯೇ ನಡುಗ್ತು, ಇವಳ ಕೈ ನಡುಗ್ಲಿಲ್ಲ. ತನ್ನ ಮದುವೆಗೋಸ್ಕರ ದೇವಮಾತೆ ಕತ್ತು ಕೊಯ್ದವಳು ನಾಳೆ ನನ್ನ ಕತ್ತು ಬಿಡ್ತಾಳಾ? ಇಂಥವಳನ್ನ ನಾನು ಹೊಸಿಲು ದಾಟಿಸೋದಿಲ್ಲ. ಮಾತಿಗೆ ಕೊಟ್ಟ ನಾಣ್ಯ ಎರಡಾಯ್ತು. ಮಾತೂ ಎರಡಾಯ್ತು."

ಜಪ ಮಾಡುತ್ತಿದ್ದ ಹೆಂಗಸು "ಹೌದಪ್ಪ ಹೌದು" ಎಂದಳು. ಇನ್ನೊಬ್ಬಳು ಅಫ್ರಾಳ ಪಕ್ಕದಿಂದ ತನ್ನ ಲಂಗ ಸರಿಸಿಕೊಂಡಳು.

"ನೀವೇ ಅಲ್ವಾ ಕತ್ತರಿಸು ಅಂದದ್ದು!" ಎಂದು ಅಫ್ರಾ ಕೂಗಿದಳು. "ಕ್ವಿರಿನ್, ನೀನೇ ಹೇಳಿದ್ದಲ್ವೇನೋ?"

ಹೆಗಲ ಮೇಲಿದ್ದ ಕೈ ಯಾವಾಗಲೋ ಹೊರಟುಹೋಗಿತ್ತು. "ನಾನು ಕತ್ತರಿಸಿ ನೋಡೋಣ ಅಂದೆ" ಎಂದ ಕ್ವಿರಿನ್ ಮೆಲ್ಲಗೆ. "ನೀನೇ ಕತ್ತರಿಸು ಅಂತ ಅನ್ನಲಿಲ್ಲ ಅಫ್ರಾ."

ಅವಳು ಕೆಳಮನೆಗೆ ಹೋದಳು. ಬೇರೆಲ್ಲಿಗೆ ಹೋಗುತ್ತಾಳೆ? ಹಿಮದಲ್ಲಿ ಒಂದು ಗಂಟೆಯ ದಾರಿ. ಸುದ್ದಿ ಅವಳಿಗಿಂತ ಮುಂಚೆ ಜಾರುಬಂಡಿಯಲ್ಲಿ ಹೋಗಿ ತಲುಪಿತ್ತು. ಕೆಳಮನೆಯ ಯಜಮಾನಿ ಬಾಗಿಲಲ್ಲೇ ನಿಲ್ಲಿಸಿ ಒಂದು ಬಟ್ಟಲು ಸೂಪು ಕೊಟ್ಟಳು. "ಹೊಸಬಳು ಬಂದಾಯ್ತಲ್ಲೇ, ನಿನ್ನ ಹಾಸಿಗೇಲೇ ಮಲಗ್ತಿದಾಳೆ. ಮುಂದಿನ ಮೇಣದಬತ್ತಿ ಹಬ್ಬಕ್ಕೆ ಬಾ, ನೋಡೋಣ" ಎಂದಳು. ಮತ್ತೆ ಬಟ್ಟಲು ಇಸಿದುಕೊಳ್ಳುವಾಗ, "ಒಳಗೆ ಮಗು ಇದೆ ನೋಡು, ಅದಕ್ಕೇ ಕರೀಲಿಲ್ಲ" ಎಂದು ಸೇರಿಸಿದಳು.

ಅವಳಿಗೆ ಉಳಿದದ್ದು ಒಂದು ಪೆಟ್ಟಿಗೆ, ಒಂದು ಹಸು. ಹದಿನಾಲ್ಕು ವರ್ಷದ ಸಂಬಳ ಅಂದರೆ ಅದೇ. ಎರಡೂ ನಿನ್ನೆಯೇ ಮದುವೆಯ ಬಂಡಿಯಲ್ಲಿ ಮೇಲ್ಮನೆ ಸೇರಿದ್ದವು. ಹಸುವನ್ನಾದರೂ ಬಿಡಿಸಿಕೊಂಡು ಬರೋಣವೆಂದು ಅವಳು ಗುಡ್ಡ ಹತ್ತಿದಳು. ಹೊತ್ತು ಇಳಿಯುತ್ತಿತ್ತು. ಕೊಟ್ಟಿಗೆಯಿಂದ ದನಗಳ ಕೂಗು ದೂರಕ್ಕೇ ಕೇಳುತ್ತಿತ್ತು. ಹಾಲು ಕರೆಯುವ ಹೊತ್ತು ಮೀರಿತ್ತು.

ಒಳಗೆ ಹೋಗಿ ತನ್ನ ಹಸುವಿನ ಕೆಚ್ಚಲು ಮುಟ್ಟಿದಳು. ಕಲ್ಲಿನ ಹಾಗೆ ಬಿಗಿದಿತ್ತು. ಇಂಥ ಕೆಚ್ಚಲು ಹೊತ್ತ ಹಸುವನ್ನು ಹಿಮದಲ್ಲಿ ನಡೆಸುವುದು ಹೇಗೆ? ಮೂಲೆಯಲ್ಲಿದ್ದ ಮೂರು ಕಾಲಿನ ಮಣೆ ಎಳೆದುಕೊಂಡು ಕೂತು, ಬಕೆಟ್ ಇಟ್ಟು ಕರೆಯತೊಡಗಿದಳು.

ಹಿಂದೆ ಬಾಗಿಲು ಕಿರ್ರೆಂದಿತು. "ಕೈ ಚೆನ್ನಾಗಿದೆ ನಿಂದು" ಎಂದಳು ಒಟ್ಟೀಲಿಯಾ. "ಅದನ್ನ ಯಾರೂ ಇಲ್ಲ ಅನ್ನೋದಿಲ್ಲ."

"ಇದನ್ನ ಕರೆದು, ಹಿಡ್ಕೊಂಡು ಹೋಗ್ತೀನಿ" ಎಂದಳು ಅಫ್ರಾ ತಿರುಗದೆ. "ಪೆಟ್ಟಿಗೆಗೆ ಯಾರನ್ನಾದ್ರೂ ಕಳಿಸ್ತೀನಿ."

"ಎಲ್ಲಿಗೆ ಹೋಗ್ತೀ?"

ಅಫ್ರಾ ಇನ್ನೊಂದು ಮೊಲೆಗೆ ಕೈ ಹಾಕಿದಳು.

"ಬೆಸುಗೆ ಹಾಕಿದ್ದು ಮೊಳಗಲ್ಲ ಅಂತ ನಿಮಗೆ ಗೊತ್ತಿತ್ತು" ಎಂದಳು ಆಮೇಲೆ.

"ಬಿಯರ್ ಮನೆಯ ಮಗಳು ನಾನು. ಏಳನೇ ವರ್ಷದಿಂದ ನಾಣ್ಯ ಕುಟ್ಟಿ ನೋಡಿದೋಳು. ನನಗೆ ಗೊತ್ತಿರಲ್ವೇನೇ?" ಒಟ್ಟೀಲಿಯಾಳ ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ. "ಆ ಪೆದ್ದ ನನ್ನನ್ನ ಕೇಳದೆ ಮಾತು ಕೊಟ್ಟು ಬಂದ. ಇನ್ನೇನು ಮಾಡ್ಲಿ? ಮೇಲ್ಮನೆಗೆ ಹಾಲಿನವಳು ಸೊಸೆ ಆಗೋದಾ? ಈಸ್ಟರ್ ಕಳೀಲಿ, ಗಿರಣಿಯವರ ಎರಡನೇ ಮಗಳನ್ನ ಕೇಳ್ತೀನಿ."

ಅಫ್ರಾಳ ಕೈ ನಿಂತಿತು.

"ಸೊಸೆ ಬರ್ತಾಳೆ ಅಂತ ಅವನು ಊರಿಗೆಲ್ಲ ಸಾರಿದ್ದಕ್ಕೆ ಇಲ್ಲಿ ಆಳು ಬೇಕಿಲ್ಲ ಅಂದ್ಕೊಂಡ್ರು, ಈ ಸಲ ನನಗೂ ಆಳು ಸಿಗಲಿಲ್ಲ" ಎಂದು ಮುದುಕಿ ಮುಂದುವರಿಸಿದಳು. "ಹನ್ನೊಂದು ಹಸು ಇದಾವೆ. ಕೊಟ್ಟಿಗೆ ಮೇಲಿನ ಕೋಣೇಲಿ ಹಾಸಿಗೆ ಇದೆ, ಪೆಟ್ಟಿಗೆ ಅಲ್ಲಿಗೇ ಹಾಕಿಸಿದೀನಿ. ಭಾನುವಾರ ಮಾಂಸ ಕೊಡ್ತೀನಿ. ಅತ್ತೆ ಅಂತ ಮಾತ್ರ ಕರೀಬೇಡ, ಯಜಮಾನಿ ಅನ್ನು. ಇವತ್ತು ಹೊತ್ತಾಗಿದೆ, ಬೇಗ ಬೇಗ ಮುಗಿಸು."

ಬಾಗಿಲು ಮುಚ್ಚಿಕೊಂಡಿತು. ಅಫ್ರಾ ತನ್ನ ಹಸುವಿನ ಕೊನೆಯ ಹನಿಯನ್ನೂ ಹಿಂಡಿ ತೆಗೆದಳು. ಹಗ್ಗ ಅಲ್ಲೇ, ಕೈಗೆಟುಕುವಂತೆ, ಗೂಟದಲ್ಲಿತ್ತು. ಹೊರಗೆ ಹಿಮ ಮತ್ತೆ ಬೀಳಲು ಶುರುವಾಗಿತ್ತು. ಪಕ್ಕದ ಕೆಂದು ಹಸು ಕುತ್ತಿಗೆ ಹೊರಳಿಸಿ ನೋವಿನಿಂದ ಕೂಗಿಕೊಂಡಿತು.

ಅವಳು ಮಣೆಯನ್ನೆತ್ತಿ ಅದರ ಪಕ್ಕಕ್ಕೆ ಇಟ್ಟಳು. ಆ ಹಸುವಿಗೆ ಅವಳ ಕೈ ಹೊಸದು, ಒದೆಯಲು ಕಾಲೆತ್ತಿತು. ಅಫ್ರಾ ಅದರ ಹೊಟ್ಟೆಗೆ ಹಣೆ ಒತ್ತಿಕೊಂಡು ಹಾಗೇ ಕೂತಳು. ಸ್ವಲ್ಪ ಹೊತ್ತಿಗೆ ಹಸು ಕಾಲಿಳಿಸಿತು.