ಎರಡು ಲಾರಿಗಳ ನಡುವಿನ ವಿನ್ನಿ

ವಿನ್ನಿ ಟಾಪ್ಲಿಸ್ ಕಾಲ್ನಡಿಗೆಯಲ್ಲಿಯೂ ತಿರುವುಗಳಲ್ಲಿ ವಾಲುತ್ತಿದ್ದಳು. ಆ್ಯಕ್ಟನ್ನಿನ ದಿನಸಿ ಅಂಗಡಿಯಲ್ಲಿ ಬಿಸ್ಕತ್ತುಗಳ ಸಾಲಿನಿಂದ ಸಾಬೂನುಗಳ ಸಾಲಿಗೆ ಹೊರಳುವಾಗ ಅವಳ ಎಡಭುಜ ತುಸು ತಗ್ಗಿ, ಬಲಹಿಮ್ಮಡಿ ನೆಲವನ್ನು ಒತ್ತಿ, ನಾಲಗೆ ಅಂಗುಳಿಗೆ ತಾಗಿ ‘ಟಕ್’ ಎಂಬ ಸದ್ದೊಂದು ಹೊರಡುತ್ತಿತ್ತು; ಎದುರಿನಿಂದ ಬರುವವರು ಕಾರಣ ತಿಳಿಯದೆಯೇ ತಮ್ಮ ತಳ್ಳುಗಾಡಿಗಳನ್ನು ಬದಿಗೆ ಸರಿಸಿ ದಾರಿ ಬಿಡುತ್ತಿದ್ದರು. ಎಪ್ಪತ್ತೊಂದರ ಪ್ರಾಯ, ಐದಡಿ ಎರಡಂಗುಲದ ಗಿಡ್ಡ ದೇಹ, ಮೈಮೇಲೆ ಚಳಿಗಾಲ ಬೇಸಿಗೆಗಳ ಭೇದವಿಲ್ಲದೆ ಒಂದು ಕಂದುಬಣ್ಣದ ಗಂಡಸರ ಕೋಟು. ಅದರ ತೋಳು ಅವಳ ಬೆರಳತುದಿಗಳನ್ನೂ ನುಂಗುವಷ್ಟು ಉದ್ದ. “ಕತ್ತರಿಸಿ ಹೊಲಿಸಬಾರದೇನೆ?” ಎಂದು ನಾನೊಮ್ಮೆ ಕೇಳಿದಾಗ, “ಇದು ಸರ್ಕಾರಿ ಕೋಟು ಕಣೆ, ಮುಟ್ಟಂಗಿಲ್ಲ” ಎಂದು ನಕ್ಕು ಮಾತು ಮರೆಸಿದ್ದಳು.

ಗ್ರಂಥಾಲಯದ ಕೆಲಸದಿಂದ ನಿವೃತ್ತಳಾದ ಮೇಲೆ ನಾನು, ಒಂಟಿ ಮುದುಕರ ಮನೆಗಳಿಗೆ ಮಧ್ಯಾಹ್ನದ ಬಿಸಿಯೂಟ ಮುಟ್ಟಿಸುವ ವ್ಯಾನಿನಲ್ಲಿ ಸ್ವಯಂಸೇವಕಿಯಾಗಿ ಸೇರಿಕೊಂಡೆ. ಆ ವ್ಯಾನನ್ನು ಓಡಿಸುತ್ತಿದ್ದವಳು ವಿನ್ನಿ. ಓಡಿಸುತ್ತಿದ್ದಳು ಎಂಬ ಕ್ರಿಯಾಪದ ಅತಿಶಯೋಕ್ತಿಯಾದೀತು. ಗಂಟೆಗೆ ಇಪ್ಪತ್ತು ಮೈಲಿಯನ್ನು ಅವಳು ಎಂದೂ ಮೀರಿದ್ದನ್ನು ನಾನು ಕಂಡಿರಲಿಲ್ಲ. ಹಿಂದಿನಿಂದ ಹಾರ್ನುಗಳ ಆಕ್ರೋಶ ಏಳುತ್ತಿತ್ತು. ಕಿಟಕಿ ಇಳಿಸಿ ಬೈದು ಹೋಗುವ ಪಡ್ಡೆ ಚಾಲಕರಿಗೆ ಅವಳು ರಾಣಿಯಂತೆ ಕೈ ಬೀಸಿ, “ಹೋಗಪ್ಪ ರಾಜ, ನಿಂಗೆ ಮುಂದೆ ಮುದುಕಾಗೋ ಯೋಚನೆ ಇಲ್ಲ ಅಂತ ಕಾಣುತ್ತೆ” ಎನ್ನುತ್ತಿದ್ದಳು. ಆದರೆ ಒಂದು ಸಂಗತಿ ನನ್ನ ಲಕ್ಷ್ಯಕ್ಕೆ ಬಂದದ್ದು ತಡವಾಗಿ: ಒಂಬತ್ತು ವರ್ಷಗಳಲ್ಲಿ, ಆ ಗುಂಡಿಬಿದ್ದ ಬೀದಿಗಳಲ್ಲಿ, ನನ್ನ ತೊಡೆಯ ಮೇಲಿನ ತಟ್ಟೆಗಳಿಂದ ಒಂದು ಹನಿ ಕಸ್ಟರ್ಡ್ ಚೆಲ್ಲಿದ್ದಿಲ್ಲ.

ಗುರುವಾರಗಳಂದು ನಮ್ಮ ಕೊನೆಯ ಮನೆ ಗಡ್ಜನ್ ಎಂಬ ನಿವೃತ್ತ ಪೊಲೀಸ್ ಪೇದೆಯದು. ನಾವು ಹೋಗುವ ಹೊತ್ತಿಗೆ ಅವನ ದೂರದರ್ಶನದಲ್ಲಿ ಎಪ್ಪತ್ತರ ದಶಕದ ಒಂದು ಪೊಲೀಸ್ ಧಾರಾವಾಹಿ ಮರುಪ್ರಸಾರವಾಗುತ್ತಿತ್ತು. ಆ ಧಾರಾವಾಹಿ ನನಗೂ ಹೊಸದಲ್ಲ. ೧೯೭೬ರಲ್ಲಿ, ಮೈಸೂರಿನಿಂದ ಬಂದಿಳಿದು ಆ್ಯಕ್ಟನ್ನಿನ ಬಾಡಿಗೆ ಕೋಣೆಯೊಂದರಲ್ಲಿ ಹೊದ್ದು ನಡುಗುತ್ತಿದ್ದ ಹೊಸ ಮದುಮಗಳಾದ ನನ್ನನ್ನು ಮನೆಯೊಡತಿ ಪ್ರತಿ ಸೋಮವಾರ ಕೆಳಗೆ ಕರೆದು ಕೂರಿಸಿಕೊಳ್ಳುತ್ತಿದ್ದಳು. ಬೀದಿ ನಿರ್ಜನವಾಗುತ್ತಿತ್ತು, ಮನೆಮನೆಯ ಕಿಟಕಿಯಿಂದಲೂ ಅದೇ ಟೈರುಗಳ ಚೀತ್ಕಾರ ಕೇಳುತ್ತಿತ್ತು. ಕಳ್ಳರು ಸದಾ ಹಳೆಯ ಜಾಗ್ವಾರಿನಲ್ಲಿ. ಅವರ ಬೆನ್ನಿಗೆ ಕಂಚುಬಣ್ಣದ ಫೋರ್ಡ್ ಗ್ರನಾಡಾದಲ್ಲಿ ನಮ್ಮ ಇನ್‌ಸ್ಪೆಕ್ಟರು! ಓಣಿಯೆಂದ ಮೇಲೆ ಅಲ್ಲಿ ಬರಿದಾದ ರಟ್ಟಿನ ಪೆಟ್ಟಿಗೆಗಳ ಗುಡ್ಡೆ ಇದ್ದೇ ಇರುತ್ತಿತ್ತು. ಚಕ್ರದ ಬೆಳ್ಳಿತಟ್ಟೆ ಕಿತ್ತು ಬೀದಿಯುದ್ದಕ್ಕೂ ಉರುಳಿಹೋಗುತ್ತಿತ್ತು. ಮುಂದಿನ ಕ್ಷಣ ಅದೇ ತಟ್ಟೆ ಅದೇ ಚಕ್ರದಲ್ಲಿ ಪುನರ್ಜನ್ಮ ಪಡೆದು ಥಳಥಳಿಸುತ್ತಿತ್ತು. ಯಾರಿಗೆ ಬೇಕಿತ್ತು ತರ್ಕ! ನಾವು ಸೋಫಾದ ಅಂಚಿಗೆ ಬಂದು ಕೂತು ಬಲಕ್ಕೆ ಎಡಕ್ಕೆ ಮೈ ವಾಲಿಸುತ್ತಿದ್ದೆವು.

ಆ ಗುರುವಾರ ಗಡ್ಜನ್ನನ ಪರದೆಯ ಮೇಲೆ ಬಂದದ್ದು, ಆ ಧಾರಾವಾಹಿಯ ಭಕ್ತರೆಲ್ಲ ನೂರು ಸಲ ನೋಡಿ ಬಾಯಿಪಾಠ ಮಾಡಿಕೊಂಡಿದ್ದ ದೃಶ್ಯ: ಹಡಗುಕಟ್ಟೆಯಲ್ಲಿ ಗ್ರನಾಡಾ ನಾಗಾಲೋಟದಲ್ಲಿ ಬಂದು, ಒಮ್ಮೆಲೇ ಅಡ್ಡಡ್ಡ ಜಾರಿ, ನಿಂತಿದ್ದ ಎರಡು ಲಾರಿಗಳ ನಡುವಿನ ಸಂದಿಯೊಳಗೆ ದಾರ ಸೂಜಿಯೊಳಗೆ ಹೊಕ್ಕಂತೆ ಹೊಕ್ಕು ಮಾಯವಾಗುವುದು. ಗಡ್ಜನ್ ಚಪ್ಪಾಳೆ ತಟ್ಟಿದ. ಸಾರಿನ ಬಟ್ಟಲು ಇಡುತ್ತಿದ್ದ ವಿನ್ನಿ ಪರದೆಗೆ ಬೆನ್ನು ಮಾಡಿಯೇ ಗೊಣಗಿದಳು: “ಸೆಕೆಂಡ್ ಗೇರ್ ಅರೆಗಳಿಗೆ ತಡ ಆಯ್ತು.”

“ಏನಂದೆ?” ಗಡ್ಜನ್ನನಿಗೆ ರೇಗಿತು. “ಪ್ರತಿ ಸಲ ಬಸವನಹುಳು ಥರ ಬಂದು ನನ್ನ ಆಲೂಗಡ್ಡೆ ಆರಿಹೋಗೋ ಹಾಗೆ ಮಾಡ್ತೀಯ, ನೀನು ಅವನಿಗೆ ಗೇರ್ ಹಾಕೋದು ಕಲಿಸ್ತೀಯಾ?”

“ನೀನು ಬಟಾಣಿ ತಿನ್ನು,” ಎಂದಳು ವಿನ್ನಿ.

ವ್ಯಾನಿಗೆ ಮರಳಿದ ಮೇಲೆ ನಾನು ಬಿಡಲಿಲ್ಲ. ಅವಳು ಇಗ್ನಿಷನ್ನಿಗೆ ಹಾಕಿದ ಕೀಯನ್ನು ಮತ್ತೆ ಹೊರಗೆಳೆದಳು. ಆಮೇಲೆ ಹೇಳಿದಳು. ಅವಳ ಅಪ್ಪನಿಗೆ ಬ್ರೆಂಟ್‌ಫರ್ಡಿನಲ್ಲಿ ಗುಜರಿ ಕಾರುಗಳ ಅಂಗಳವಿತ್ತು. ಅಣ್ಣ ಲೆನ್ ಮತ್ತು ಅವಳು ಹತ್ತು ಹನ್ನೆರಡರ ಪ್ರಾಯದಲ್ಲಿಯೇ ಬ್ರೇಕಿಲ್ಲದ ಕಾರುಗಳಲ್ಲಿ ಬ್ರೇಕು ಹಾಕುವುದನ್ನು ಕಲಿತವರು. ಲೆನ್ ಆ ಧಾರಾವಾಹಿಯಲ್ಲಿ ನಾಯಕನ ಬದಲಿಗೆ ಕಾರು ನಡೆಸುವ ಸಾಹಸಿಯಾಗಿ ಸೇರಿದ. ಹದಿನಾಲ್ಕನೆಯ ಕಂತಿನಲ್ಲಿ ಅವನ ಕತ್ತಿನ ಮೂಳೆಗೆ ಪೆಟ್ಟಾಯಿತು. ಮುಂದಿನ ಕಂತಿನ ಚಿತ್ರೀಕರಣದ ದಿನ ಅವನಿಗೆ ಊಟದ ಪೊಟ್ಟಣ ಕೊಡಲು ಬಂದಿದ್ದ ತಂಗಿಗೆ, ಅವನೇ ವೇಷಭೂಷಣದ ಬಂಡಿಯ ಹಿಂದೆ ತನ್ನ ಇನ್‌ಸ್ಪೆಕ್ಟರ್ ವೇಷದ ಕಂದು ಕೋಟು ತೊಡಿಸಿ, ವಿಗ್ಗು ಇರಿಸಿ, ಸೀಟಿನ ಮೇಲೆ ಎರಡು ದಿಂಬು ಹಾಕಿ ಕೂರಿಸಿದನಂತೆ. ದೂರದಿಂದ ಯಾರಿಗೂ ತಿಳಿಯಲಿಲ್ಲ. ತಿಳಿದ ಮೇಲೆ ನಿರ್ದೇಶಕ ಕಣ್ಣುಮುಚ್ಚಿಕೊಂಡ. ವಿಮೆಯ ಕಾಗದದಲ್ಲಿದ್ದದ್ದು ಲೆನ್ನನ ಹೆಸರು. ಹೆಂಗಸೊಬ್ಬಳು ನಡೆಸುತ್ತಿದ್ದಾಳೆಂದು ಹೊರಬಿದ್ದರೆ ಎಲ್ಲರ ಕೆಲಸಕ್ಕೂ ಸಂಚಕಾರ. ಹಾಗೆ ಮೂರು ವರ್ಷ, ಮೂವತ್ತೊಂದು ಕಂತು.

“ಆಮೇಲಾದರೂ ಹೇಳಬಾರದಿತ್ತೇ?” ಎಂದೆ ನಾನು.

“ಯಾರಿಗೆ? ಅವನ ಕತ್ತು ಮತ್ತೆ ಸರಿಹೋಗಲಿಲ್ಲ ಕಣೆ. ಕೆಲಸ ಇಲ್ಲ, ಮದುವೆ ಮುರೀತು. ಪಬ್‌ಗೆ ಹೋದ್ರೆ ಜನ ‘ಲಾರಿ ಸಂದಿ ಲೆನ್ ಬಂದ’ ಅಂತ ಎದ್ದು ನಿಂತು ಬಿಯರ್ ಕೊಡಿಸೋರು. ಅವನಿಗಿದ್ದಿದ್ದು ಅದೊಂದೇ. ಅದನ್ನೂ ಕಿತ್ಕೊಳ್ಳಲಾ?”

ಲೆನ್ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಅದೇ ವಸಂತದಲ್ಲಿ ವಿನ್ನಿಗೊಂದು ಪತ್ರ ಬಂತು: ಧಾರಾವಾಹಿಯ ಅಭಿಮಾನಿ ಸಂಘದವರು ಕೆಂಟ್ ಸೀಮೆಯ ಪಾಳುಬಿದ್ದ ವಿಮಾನನೆಲೆಯೊಂದರಲ್ಲಿ ಹಳೆಯ ಕಾರುಗಳ ಮೇಳ ನಡೆಸಲಿದ್ದಾರೆ, ಆ ಪ್ರಸಿದ್ಧ ದೃಶ್ಯವನ್ನು ಮತ್ತೆ ಆಡಿ ತೋರಿಸಲಿದ್ದಾರೆ, ದಿವಂಗತ ಲೆನ್ ಟಾಪ್ಲಿಸರ ಸ್ಮರಣೆಗೆ ಬ್ರೆಂಟ್‌ಫರ್ಡಿನ ಪಬ್ಬಿನ ಗೋಡೆಗೆ ಹಾಕುವ ಹಿತ್ತಾಳೆ ಫಲಕವನ್ನು ಮೇಳದಲ್ಲಿ ಸೋದರಿಯವರು ಅನಾವರಣ ಮಾಡಬೇಕು. ಅವಳು ಒಬ್ಬಳೇ ಹೋಗಲಾರೆನೆಂದಳು. ನಾನು ಜೊತೆಗೆ ಹೊರಟೆ.

ಅಬ್ಬಾ, ಆ ಮೇಳವೇ! ಜಿನುಗು ಮಳೆಯಲ್ಲಿ ಇನ್ನೂರು ಕಾರುಗಳು ತೊಳೆದ ಹಣ್ಣುಗಳಂತೆ ಮಿನುಗುತ್ತಿದ್ದವು: ಬೆಕ್ಕಿನ ಬೆನ್ನಿನಂಥ ಜಾಗ್ವಾರುಗಳು, ಗತ್ತಿನ ರೋವರುಗಳು, ಮೂಗು ಚೂಪಾದ ಟ್ರಯಂಫುಗಳು. ಅರವತ್ತು ದಾಟಿದ ಗಂಡಸರು ಅಗಲ ಕಾಲರಿನ ಅಂಗಿ ತೊಟ್ಟು, ಹುಡುಗರ ಹಾಗೆ ಒಬ್ಬರ ಬಾನೆಟ್ಟಿನೊಳಗೆ ಒಬ್ಬರು ಇಣುಕುತ್ತ, ಪೆಟ್ರೋಲಿನ ವಾಸನೆಯನ್ನು ಮಲ್ಲಿಗೆಯೆಂಬಂತೆ ಆಘ್ರಾಣಿಸುತ್ತಿದ್ದರು. ವಿನ್ನಿಯ ಕಣ್ಣುಗಳಲ್ಲಿ ನಾನು ಹಿಂದೆಂದೂ ಕಾಣದ ಬೆಳಕಿತ್ತು. ಸಂಘದ ಅಧ್ಯಕ್ಷ ಪಾಸ್ಕ್, ಪ್ರತಿ ಕಂತಿನ ಪ್ರತಿ ಚೌಕಟ್ಟನ್ನೂ ಟಿಪ್ಪಣಿಪುಸ್ತಕದಲ್ಲಿ ದಾಖಲಿಸಿಟ್ಟುಕೊಂಡಿದ್ದ ಬಡಕಲು ಮನುಷ್ಯ, ಅವಳ ಕೈ ಹಿಡಿದು ಕುಲುಕಿದ. “ನಿಮ್ಮ ಅಣ್ಣ ನಮ್ಮ ಬಾಲ್ಯಕ್ಕೆ ವೇಗ ಕೊಟ್ಟವರು, ಮಿಸ್ ಟಾಪ್ಲಿಸ್.” ಅವಳು ತಲೆಯಾಡಿಸಿ ಕಾರುಗಳತ್ತ ಹೊರಳಿದಳು.

ಪ್ರದರ್ಶನಕ್ಕೆ ಬಂದಿದ್ದ ಕಾಲಂ ಎಂಬ ಸಾಹಸಚಾಲಕ ಮೂವತ್ತೈದರ ಗಟ್ಟಿಗ. ಎರಡು ಲಾರಿಗಳು ನಿಂತಿದ್ದವು. ಅವುಗಳ ಬಗಲಿಗೇ ಹಗ್ಗದ ಹಿಂದೆ ಜನ. ಮೊದಲ ಸಲ ಅವನು ಕಂಚುಬಣ್ಣದ ಗ್ರನಾಡಾವನ್ನು ಸಂದಿಗೆ ತಲುಪುವ ಮೊದಲೇ ನಿಲ್ಲಿಸಿದ. ಎರಡನೆಯ ಸಲ ಕಾರು ಜಾರಿ, ಹಿಂಭಾಗ ಬೀಸಿಕೊಂಡು ಲಾರಿಯ ಮೂಲೆಗೆ ಒಂದು ಗೇಣು ಉಳಿಸಿ ನಿಂತಿತು. ಜನ ಓಹೋ ಎಂದರು. ವಿನ್ನಿ ಹಗ್ಗ ಎತ್ತಿ ಒಳಗೆ ನುಗ್ಗಿದಳು.

“ನಿಲ್ಲಿಸಿ! ಇನ್ನೊಂದು ಸಲ ಹೀಗೇ ಬಂದ್ರೆ ಆ ಜನರ ಮೇಲೇ ಹೋಗುತ್ತೆ.”

“ಅಜ್ಜಿ, ಟೀ ಕೊಡೋದು ಆ ಡೇರೆಯಲ್ಲಿ,” ಎಂದನು ಬಾವುಟ ಹಿಡಿದಿದ್ದ ಒಬ್ಬ.

“ನೆಲ ಒದ್ದೆ ಆಗಿದೆ ಕಣಯ್ಯ. ಅಲ್ಲಿಟ್ಟಿದೀರಲ್ಲ ಗುರುತು, ಅದು ಒಣ ನೆಲದ್ದು. ಹನ್ನೆರಡು ಹೆಜ್ಜೆ ಹಿಂದೇನೇ ಕೈಬ್ರೇಕ್ ಎಳೀಬೇಕು, ಸಂದಿ ಕಣ್ಣಿಗೆ ಬೀಳೋಕೂ ಮುಂಚೆ.”

ಪಾಸ್ಕ್ ಮೆಲ್ಲಗೆ ಕೇಳಿದ: “ಇದು ನಿಮಗೆ ಹೇಗೆ ಗೊತ್ತು?”

“ಲೆನ್ ಹೇಳಿದ್ದ.” ಸುಳ್ಳು ಅವಳ ಬಾಯಿಗೆ ರೂಢಿಯಾಗಿತ್ತು.

ಆದರೆ ಕಾಲಂ ಕಾರಿನಿಂದ ಇಳಿದು ಬಂದು ಅವಳನ್ನೇ ದಿಟ್ಟಿಸಿದ. ಒಬ್ಬ ಗಾಯಕ ಇನ್ನೊಬ್ಬರ ಆಲಾಪದಿಂದಲೇ ಗುರುಪರಂಪರೆಯನ್ನು ಹಿಡಿಯುವಂತೆ ಅವನು ಏನನ್ನೋ ಹಿಡಿದಿದ್ದ. “ಹೇಳಿ ಕೇಳಿ ಬರೋ ವಿದ್ಯೆ ಅಲ್ಲ ಇದು,” ಎಂದು ಕೀಯನ್ನು ಅವಳತ್ತ ಚಾಚಿದ. “ನೀವೇ ತೋರಿಸಿ.”

ವಿನ್ನಿ ನನ್ನ ಕಡೆ ನೋಡಿದಳು. ಒಂದು ಕ್ಷಣ ಅವಳ ಮುಖದಲ್ಲಿ ಭಯ ಕಂಡಿತು. ಅದು ಲಾರಿಗಳ ಭಯವಲ್ಲವೆಂದು ಅಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಆಮೇಲೆ ಅವಳು ಕೀ ತೆಗೆದುಕೊಂಡಳು.

“ಮೊದಲು ಆ ಜನರನ್ನ ನೂರು ಗಜ ಆಚೆಗೆ ಕಳಿಸಿ. ಎರಡು ದಿಂಬು ಕೊಡಿ. ಪಕ್ಕದ ಸೀಟಿಗೆ ತೂಕ ಬೇಕು. ಆವತ್ತು ಸಬ್‌ಇನ್‌ಸ್ಪೆಕ್ಟರ್ ಪಾತ್ರದವನು ಕೂತಿದ್ದ. ವತ್ಸಲಾ, ಹತ್ತು.”

“ನಾನಾ? ನನಗೆ ನಾಳೆ ಮೊಮ್ಮಗಳ ನಾಮಕರಣ ಇದೆ ಕಣೆ!”

“ಇರಲಿ, ಊಟದ ಹೊತ್ತಿಗೆ ತಲುಪ್ತೀಯ. ಹತ್ತು!”

ಹತ್ತಿದೆ. ಯಾಕೆ ಹತ್ತಿದೆನೋ ಇಂದಿಗೂ ಹೇಳಲಾರೆ. ಕಾರು ಸದ್ದಿಲ್ಲದೆ ಓಡುದಾರಿಯ ತುದಿಗೆ ಹೋಗಿ ಹೊರಳಿತು. ಅವಳು ಕನ್ನಡಿ ತಿದ್ದಿ, ಕೋಟಿನ ತೋಳನ್ನು ಮೇಲಕ್ಕೆ ಮಡಚಿ, ಗಿಯರಿನ ಗುಂಡನ್ನು ಎಡಗೈಯಿಂದ ಒಮ್ಮೆ ಸವರಿದಳು. ಆ ಸವರುವಿಕೆಯಲ್ಲಿ ಬಹಳ ಕಾಲದ ಮೇಲೆ ತವರಿನ ಬಾಗಿಲಿಗೆ ಕೈಯಿಟ್ಟವಳ ಹಿಂಜರಿಕೆಯಿತ್ತು. ಮರುಕ್ಷಣ ಸೀಟು ನನ್ನ ಬೆನ್ನಿಗೆ ಗುದ್ದಿತು! ಎಂಜಿನ್ನಿನ ಘರ್ಜನೆ ನನ್ನ ಪಕ್ಕೆಲುಬುಗಳೊಳಗೇ ಹೊಕ್ಕಿತು, ಹುಲ್ಲು ಹಸಿರು ಗೆರೆಯಾಯಿತು, ಲಾರಿಗಳು ನಿಂತಲ್ಲಿಂದ ಎದ್ದು ನಮ್ಮ ಮೇಲೆಯೇ ಧಾವಿಸಿ ಬಂದವು, ಸಂದಿಯೆಂಬುದು ಎಲ್ಲಿಯೂ ಕಾಣುತ್ತಿರಲಿಲ್ಲ, ನಾನು ಚಾಮುಂಡಿಯಿಂದ ಹಿಡಿದು ನಂಜುಂಡನ ತನಕ ಎಲ್ಲರನ್ನೂ ಕೂಗಿದೆ, ಮತ್ತು ಆ ಕೂಗಿನ ನಡುವೆ ವಿನ್ನಿ ಶಾಂತವಾಗಿ, ನೆರೆಮನೆಯವಳಿಗೆ ಹೊತ್ತೆಷ್ಟು ಎಂದು ಹೇಳುವವಳ ದನಿಯಲ್ಲಿ, “ಈಗ” ಎಂದಳು. ಭೂಮಿ ಪಕ್ಕಕ್ಕೆ ಸರಿಯಿತು. ನನ್ನ ಕಿಟಕಿಯಲ್ಲಿ ಲಾರಿಯ ಚಕ್ರದ ಮೊಳೆಗಳು ಎಣಿಸಬಹುದಾದಷ್ಟು ಹತ್ತಿರ ಬಂದು, ಕಪ್ಪು ನೆರಳೊಂದು ಕವಿದು, ಕಣ್ಣು ಬಿಡುವಷ್ಟರಲ್ಲಿ ಮತ್ತೆ ಬಿಳಿಯ ಆಕಾಶ. ನಾವು ಆಚೆಗಿದ್ದೆವು. ಬದುಕಿದ್ದೆವು!

ಮೊದಲು ಒಂದು ಜಾಗ್ವಾರಿನ ಹಾರ್ನು, ಅದಕ್ಕೆ ರೋವರಿನ ಉತ್ತರ, ಕ್ಷಣದಲ್ಲಿ ಇನ್ನೂರು ಕಾರುಗಳ ಕಂಠ ಒಟ್ಟಾಗಿ ಆ ಪಾಳುನೆಲೆಯನ್ನು ತುಂಬಿತು. ಕಾಲಂ ಓಡಿಬಂದು ಬಾಗಿಲು ತೆರೆದು, ಟೋಪಿ ತೆಗೆದು ನಿಂತ. ಅವನ ಹಿಂದೆ ಏದುಸಿರು ಬಿಡುತ್ತ, ಕೈಯಲ್ಲಿ ದುರ್ಬೀನು ಹಿಡಿದು ಬಂದ ಪಾಸ್ಕನ ಮುಖ ಬಿಳಿಚಿತ್ತು.

“ಆ ಎಡಗೈ,” ಎಂದ ಅವನು. “ಗಿಯರ್ ಬದಲಿಸುವಾಗ ಕಿರುಬೆರಳು ಮೇಲಕ್ಕೆ ಏಳುತ್ತೆ. ಹದಿನೈದನೇ ಕಂತಿನಿಂದ ಮುಂದೆ ಎಲ್ಲದರಲ್ಲೂ ಏಳುತ್ತೆ, ಅದಕ್ಕೆ ಮುಂಚೆ ಎಲ್ಲೂ ಇಲ್ಲ. ಯಾಕೆ ಅಂತ ನಾನು ಮೂವತ್ತು ವರ್ಷದಿಂದ ತಲೆ ಕೆಡಿಸಿಕೊಂಡಿದೀನಿ. ಅದು ಲೆನ್ ಅಲ್ಲ. ನೀವು.”

ವಿನ್ನಿ ಸ್ಟೇರಿಂಗಿನ ಮೇಲೆ ಹಣೆಯಿಟ್ಟಳು. ಅಳುತ್ತಿದ್ದಾಳೆಂದು ಬಗ್ಗಿ ನೋಡಿದರೆ ನಗುತ್ತಿದ್ದಳು. ಸರಿಯಾಗಿ ನೋಡಿದರೆ ಎರಡೂ ಆಗಿತ್ತು. ಆಮೇಲೆ ತಲೆಯೆತ್ತಿ ಹೇಳಿದಳು: “ಹದಿನಾಲ್ಕು ಅವನದು. ಮೂವತ್ತೊಂದು ನಂದು. ಆದ್ರೆ ನಂಗೆ ಬ್ರೇಕ್ ಹಿಡಿಯೋದು ಹೇಳಿಕೊಟ್ಟೋನು ಅವನೇ. ಬರೆಯೋದಾದ್ರೆ ಎರಡೂ ಹೆಸರು ಬರೀರಿ. ಅವನದು ಮೊದಲು. ಇಲ್ಲಾಂದ್ರೆ ನಾನು ಆ ಫಲಕದ ಪರದೆ ಎಳೆಯಲ್ಲ.”

ಅವತ್ತು ಪರದೆ ಎಳೆಯಲಿಲ್ಲ. ಫಲಕವನ್ನು ಹೊಸದಾಗಿ ಎರಕ ಹೊಯ್ದು ತರಲು ಎಂಟು ತಿಂಗಳು ಹಿಡಿಯಿತು. ಬ್ರೆಂಟ್‌ಫರ್ಡಿನ ಪಬ್ಬಿನಲ್ಲಿ ಅದನ್ನು ಗೋಡೆಗೆ ಹಾಕುವಾಗ ಲೆನ್ನನ ಹಳೆಯ ಗೆಳೆಯನೊಬ್ಬ ಮುಖ ಗಂಟಿಕ್ಕಿ, “ಹಾಗಾದ್ರೆ ನಾವು ಇಷ್ಟು ವರ್ಷ ಬಿಯರ್ ಕೊಡಿಸಿದ್ದು ತಪ್ಪು ಮನುಷ್ಯನಿಗಾ?” ಎಂದ. “ಅರ್ಧ ಸರಿ ಮನುಷ್ಯನಿಗೇ,” ಎಂದಳು ವಿನ್ನಿ, “ಉಳಿದರ್ಧ ಈಗ ಕೊಡಿಸು.” ಅವನು ಕೊಡಿಸಿದ. ಗಡ್ಜನ್ ಮಾತ್ರ ಇಡೀ ಕತೆಯನ್ನು ನನ್ನ ಬಾಯಿಂದ ಎರಡು ಸಲ ಕೇಳಿಯೂ ನಂಬಲಿಲ್ಲ. ಆದರೆ ಅಂದಿನಿಂದ ಆಲೂಗಡ್ಡೆ ಆರಿದ್ದರ ಬಗ್ಗೆ ದೂರುವುದನ್ನು ಬಿಟ್ಟ.

ಲೋಕದಲ್ಲಿ ಇಂಥವರದೊಂದು ಕುಲವಿದೆ. ನಾವು ನೆನಪಿನಲ್ಲಿಟ್ಟುಕೊಂಡು ಪೂಜಿಸುವ ಮುಖಗಳ ಹಿಂದೆ, ಇರುವ ಅಪಾಯವನ್ನೆಲ್ಲ ತಮ್ಮ ಮೈಮೇಲೆ ಎಳೆದುಕೊಂಡು, ಕೆಲಸ ಮುಗಿದೊಡನೆ ಹಿಂಬಾಗಿಲಿನಿಂದ ಮನೆಗೆ ಹೊರಟುಬಿಡುವವರು. ಅವರ ಸಂಕೋಚವನ್ನು ನಾವು ಅಸಾಮರ್ಥ್ಯವೆಂದು ಬಗೆಯುತ್ತೇವೆ, ಮೌನವನ್ನು ಏನೂ ಇಲ್ಲದಿರುವಿಕೆಯೆಂದು ಎಣಿಸುತ್ತೇವೆ. ಕೀರ್ತಿ ಎಂದಾದರೊಂದು ದಿನ ದಾರಿ ತಪ್ಪಿ ಅವರ ಮನೆಯ ಬಾಗಿಲಿಗೇ ಬಂದರೂ ಅದನ್ನು ಒಬ್ಬರೇ ಕೂತು ಉಣ್ಣಲು ಅವರಿಗೆ ಬರುವುದಿಲ್ಲ. ತೀರಿಹೋದವರಿಗೂ ಒಂದು ಎಲೆ ಹಾಸಿ, ಮೊದಲ ತುತ್ತನ್ನು ಅಲ್ಲಿ ಬಡಿಸಿದ ಮೇಲೆಯೇ ತಮ್ಮ ಎಲೆಗೆ ಕೈಯಿಡುತ್ತಾರೆ.