ಅಂದಾನೆಪ್ಪ ಬರುವವರೆಗೆ

ಒಂದಾನೊಂದು ಕಾಲದಲ್ಲಿ, ಏಳು ಚಂದ್ರಗಳಾಚೆ, ಘೋರ ಯುದ್ಧವೊಂದು ನಡೆದಿತ್ತು.

ಹೀಗೆ ಶುರು ಮಾಡಲೇ? ನನ್ನಜ್ಜಿಯಾದರೆ ಇಲ್ಲಿಗೇ ತಡೆದು, ರಾಜರ ಮಾತು ಆಮೇಲಿರಲಿ, ಆನೆಗಳಿಗೆ ನೀರು ಕುಡಿಸಿದವರು ಯಾರು ಹೇಳು ಎನ್ನುತ್ತಿದ್ದಳು. ಅದಕ್ಕೇ ಆಕಾಶನೌಕೆಯ ಕ್ಯಾಪ್ಟನ್ನನ ಬಗ್ಗೆ ಬರೆದ ಮೂರು ಪುಟ ಹರಿದುಹಾಕಿದೆ. (ಚೆನ್ನಾಗಿಯೂ ಇರಲಿಲ್ಲ. ಅವನು ಮಾತುಮಾತಿಗೂ 'ಫೈರ್' ಎನ್ನುತ್ತಿದ್ದ.)

೧. ನೌಕೆಯ ತಳದಲ್ಲಿ ದಿಲಶಾದ ಗಾಳಿ ಪಂಪಿನ ಹಿಡಿಕೆ ಒತ್ತಿ ನಿಂತಿದ್ದಾಳೆ. ಕೈ ಬಿಟ್ಟರೆ ಪಂಪು ನಿಲ್ಲುತ್ತದೆ. ಪಂಪು ನಿಂತರೆ ತಳದ ಓಣಿಯಲ್ಲಿ ಉಸಿರಾಡಲು ಗಾಳಿ ಇರುವುದಿಲ್ಲ. ಅವಳು ದಾಂಡೇಲಿಯವಳು; ಅಪ್ಪ, ಅಜ್ಜ ಇಬ್ಬರೂ ಕಾಗದದ ಗಿರಣಿಯಲ್ಲಿ ದುಡಿದವರು. ಮುಂದಿನ ಪಾಳಿಯವನು ಬಂದು, ಯಂತ್ರದ ಮೇಲೆ ಕೈಯಿಟ್ಟು, 'ನಾ ಹಿಡದೀನಿ' ಅನ್ನುವವರೆಗೆ ಬಿಡಬಾರದೆಂಬುದು ಆ ಮನೆಯ ರೂಢಿ. ಮುಂದಿನ ಪಾಳಿ ಹಳಿಯಾಳದ ಅಂದಾನೆಪ್ಪನದು. ನೀವು ಬರೂತನಕ ಬಿಡಂಗಿಲ್ಲ ಎಂದು ಬೆಳಿಗ್ಗೆ ಅವನಿಗೆ ಮಾತು ಕೊಟ್ಟಿದ್ದಾಳೆ.

ಅವನು ಬಂದಿಲ್ಲ.

೨. ಸ್ಪೀಕರಿನಲ್ಲಿ ಆಜ್ಞೆ ಬಂತು: ನೌಕೆ ಉಳಿಯುವುದಿಲ್ಲ, ಎಲ್ಲರೂ ಮೇಲಿನ ದೋಣಿಗಳಿಗೆ ಹೋಗಿ, ಕೊನೆಯದು ಇನ್ನೊಂದು ತಾಸಿಗೆ ಹೊರಡುತ್ತದೆ.

(ನಾಲ್ಕನೆಯ ಡ್ರಾಫ್ಟಿನಲ್ಲಿ ಇಲ್ಲಿ ಅವಳನ್ನು ಓಡಿಸಿದ್ದೆ. ಅವಳು ಮಿಸುಕಲಿಲ್ಲ. ಓಣಿ ಖಾಲಿ ಇದೆ, ಯಾರಿಗಾಗಿ ಗಾಳಿ ಎಂದು ಕೇಳಿದೆ.)

"ಅಂದಾನೆಪ್ಪ ಕಾಕಾ ಬಂದಿಲ್ರಿ," ಎಂದಳು. "ನೀವು ಬೇಕಾದ್ರ ಕ್ಯಾಪ್ಟನ್ನನ ಕತಿ ಬರೀರಿ. ನನ್ನ ಪಾಳಿ ಇನ್ನೂ ಮುಗದಿಲ್ಲ."

೩. ಪಂಪಿನ ಪಕ್ಕ ಊಟದ ತಾಟಿನಷ್ಟು ಕಿಟಕಿ. (ಯಾಕೆ ಇಟ್ಟೆನೋ ನನಗೂ ಗೊತ್ತಿರಲಿಲ್ಲ.) ಅದರಾಚೆ ಶತ್ರುನೌಕೆ ಹಾಯತೊಡಗಿತು. ದಾಂಡೇಲಿ ಕಾಡಿನ ಗುಡ್ಡಗಳೆಲ್ಲ ಒಂದರ ಹಿಂದೊಂದು ಎದ್ದು, ಸದ್ದಿಲ್ಲದೆ, ದೀಪ ಹಚ್ಚಿಕೊಂಡು ನಡೆದುಹೋದಂತೆ. ಮುಗಿಯಿತೆಂದರೆ ಮತ್ತಷ್ಟು ಬರುತ್ತಿತ್ತು. ದಿಲಶಾದ ಹೆದರುವುದನ್ನೂ ಮರೆತಳು. ಅದರ ತಳದಲ್ಲಿ, ತಾಟಿನಷ್ಟೇ ಇದ್ದ ಒಂದು ಕಿಟಕಿಯಲ್ಲಿ, ಯಾರೋ ಏನನ್ನೋ ಒತ್ತಿ ಹಿಡಿದು ನಿಂತಿದ್ದರು. ಅವರೂ ಇತ್ತಲೇ ನೋಡುತ್ತಿದ್ದರು. ಬೀಸಲು ಇಬ್ಬರ ಕೈಯೂ ಖಾಲಿ ಇರಲಿಲ್ಲ.

೫. (ನಾಲ್ಕರಲ್ಲಿ ಯುದ್ಧವಿತ್ತು. ತೆಗೆದೆ.) ಮುಕ್ಕಾಲು ತಾಸು ಕಳೆದ ಮೇಲೆ ಓಣಿಯ ಬಾಗಿಲು ಕಿರುಗುಟ್ಟಿ, ಅಂದಾನೆಪ್ಪ ತೆವಳುತ್ತ ಬಂದ. ಆಜ್ಞೆ ಅವನಿಗೂ ಕೇಳಿತ್ತು. ಆದರೂ ಪಾಳಿ ಇದೆಯೆಂದು ದೋಣಿ ಬಿಟ್ಟು ಕೆಳಗಿಳಿದಿದ್ದ. ಬಾಗಿಲು ಜಾಮಾಗಿ ಆ 'ಖಾಲಿ' ಓಣಿಯಲ್ಲೇ ಸಿಕ್ಕಿಬಿದ್ದಿದ್ದ, ಅವಳು ಒತ್ತಿದ ಗಾಳಿಯನ್ನೇ ಉಸಿರಾಡುತ್ತ.

"ತಡಾ ಮಾಡೀರಿ, ಕಾಕಾ."

"ಮ್ಯಾಲ ಯಾರಿಗೂ ಹೇಳಬ್ಯಾಡ ಮತ್ತ."

ಇನ್ನು ಮುಕ್ತಾಯ. ಇಬ್ಬರೂ ಕೊನೆಯ ದೋಣಿ ಹತ್ತಿದರು. ಇಲ್ಲ, ದೋಣಿ ಆಗಲೇ ಹೋಗಿತ್ತು. ಇಲ್ಲ, ಆ ಇನ್ನೊಂದು ಕಿಟಕಿಯವರೇ ದೋಣಿ ಕಳಿಸಿದರು. ಮೂರನ್ನೂ ಬರೆದಿದ್ದೇನೆ, ಆರಿಸಲಾರೆ. ಗೆದ್ದವರು ಯಾರೆಂದೂ ಕೇಳಬೇಡಿ. ತಳದಲ್ಲಿದ್ದವರಿಗೆ ಯಾರೂ ಹೇಳಲಿಲ್ಲ.

ಅದಕ್ಕೂ ಮೊದಲು ಅಂದಾನೆಪ್ಪ ಹಿಡಿಕೆಯ ಮೇಲೆ, ಅವಳ ಕೈಗೆ ತಾಗಿಸಿ, ತನ್ನ ಕೈಯಿಟ್ಟ.

"ಬಿಡು ತಂಗಿ. ನಾ ಹಿಡದೀನಿ."

ದಿಲಶಾದ ಬಿಟ್ಟಳು. ಆ ನೌಕೆ ಇನ್ನೂ ಹಾಯುತ್ತಲೇ ಇತ್ತು. ಜೋಮು ಹಿಡಿದ ಕೈಯನ್ನು ಕಿಟಕಿಯತ್ತ ಎತ್ತಿ, ಬೀಸಿದಳು.