ಅಣ್ಣನ ಕೈ ಸೇರಿದ ಪತ್ರ

ಜಯಲಕ್ಷ್ಮಿಗೆ ಕ್ಷಯವೆಂದು ಅತ್ತಿಗೆಯಿಂದ ತಿಳಿದಾಗ ಭೀಮಾಬಾಯಿಗೆ ಬಂದದ್ದು ಕನಿಕರವಲ್ಲ, ಸಿಟ್ಟು. ಹನ್ನೊಂದು ವರ್ಷ ನುಂಗಿಕೊಂಡಿದ್ದನ್ನು ಮುಖಕ್ಕೆ ಹೇಳುವ ಮೊದಲೇ ಇವಳು ಸತ್ತುಹೋದರೆ?

ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿ ಇಬ್ಬರದೂ ಅಕ್ಕಪಕ್ಕದ ಮನೆ. ಭೀಮಾಬಾಯಿ ಹತ್ತೊಂಬತ್ತಕ್ಕೇ ವಿಧವೆಯಾಗಿ ತವರಿಗೆ ಮರಳಿದವಳು. ೧೯೫೦ರಲ್ಲಿ ಕೃಷ್ಣಪ್ರಸಾದನೆಂಬ ಗುಮಾಸ್ತ ಅವಳ ಕೈಹಿಡಿಯಲು ಮುಂದೆ ಬಂದ. ರಿಜಿಸ್ಟರ್ ಮದುವೆಗೆ ಒಪ್ಪಿಗೆಯೆಂದು ಬರೆದ ಪತ್ರವನ್ನು ಅವನಿಗೆ ತಲುಪಿಸಲು ಭೀಮಾಬಾಯಿ ಗೆಳತಿಯ ಕೈಗಿತ್ತಳು. ಜಯಲಕ್ಷ್ಮಿ ಅದನ್ನು ಭೀಮಾಬಾಯಿಯ ಅಣ್ಣ ಬದರಿನಾಥನಿಗೆ ಕೊಟ್ಟುಬಿಟ್ಟಳು.

ಅಣ್ಣ ತಂಗಿಯನ್ನು ಒಂದು ತಿಂಗಳು ಕೋಣೆಯಲ್ಲಿ ಕೂಡಿಹಾಕಿದ. ಉತ್ತರ ಕಾಣದ ಕೃಷ್ಣಪ್ರಸಾದ ಬೊಂಬಾಯಿಗೆ ವರ್ಗ ಮಾಡಿಸಿಕೊಂಡು ಹೋದ. ಆಮೇಲೆ ಭೀಮಾಬಾಯಿ ಹಟ ಹಿಡಿದು ಓದಿ, ಟೀಚರಾಗಿ, ಮಾಂಬಲದಲ್ಲಿ ಬೇರೆ ಮನೆ ಮಾಡಿದಳು. ಗೆಳತಿಯ ಮುಖ ಮತ್ತೆ ನೋಡಲಿಲ್ಲ.

ಭಾನುವಾರ ರೈಲು ಹತ್ತಿ ಕ್ಷಯದ ಆಸ್ಪತ್ರೆಗೆ ಹೊರಟಳು. ಪಲ್ಲಾವರಂ ದಾಟುವಷ್ಟರಲ್ಲಿ ಬೈಗುಳವೆಲ್ಲ ಬಾಯಿಪಾಠವಾಗಿತ್ತು.

ಜಯಲಕ್ಷ್ಮಿ ಮಂಚದಲ್ಲಿ ಕಡ್ಡಿಯಂತೆ ಮಲಗಿದ್ದಳು.

"ಬಂದ್ಯಾ ಭೀಮಾ?"

"ನಿನ್ನ ನೋಡಕ್ಕೆ ಬಂದಿಲ್ಲ, ಕೇಳಕ್ಕೆ ಬಂದೆ. ಯಾಕೇ ಕೊಟ್ಟೆ ಆ ಪತ್ರಾನ?"

"ಹೊಟ್ಟೆಕಿಚ್ಚು," ಎಂದಳು ಜಯಲಕ್ಷ್ಮಿ. "ನನ್ನ ಗಂಡ ದಿನಾ ಹೊಡೀತಿದ್ದ, ನಿಂಗೆ ಗೊತ್ತು. ನೀನು ಸುಖವಾಗಿ ಹೋಗ್ಬಿಡ್ತೀಯ, ನಾನೊಬ್ಳೇ ಕೊಳೀಬೇಕು ಅನ್ನಿಸ್ತು."

"ಅದಕ್ಕೆ ನಾನೂ ಕೊಳೀಬೇಕಿತ್ತಾ?"

"ಆಗ ಹಾಗೇ ಅನ್ನಿಸ್ತು. ಈಗ ಸುಳ್ಳು ಹೇಳ್ಳಾ?"

"ಪಾಪಿ! ನನ್ನ ಬಾಳು ಹಾಳು ಮಾಡಿದೆ!" ಭೀಮಾಬಾಯಿ ಕಿರುಚಿದ ಸದ್ದಿಗೆ ವಾರ್ಡೆಲ್ಲ ತಿರುಗಿ ನೋಡಿತು. ನರ್ಸು ಓಡಿಬಂದು ತಮಿಳಿನಲ್ಲಿ ಗದರಿದಳು: ಕೂಗಬೇಡಿ, ಆರು ವಾರದಲ್ಲಿ ಇವರನ್ನು ನೋಡಲು ಬಂದವರು ನೀವೊಬ್ಬರೇ.

"ನಿನ್ನ ಗಂಡ?"

"ಅಂಟುಜಾಡ್ಯವಂತೆ. ಬರಲ್ಲ."

ಭೀಮಾಬಾಯಿಗೆ ಅವನ ಮೇಲೆ ಸಿಟ್ಟು ಬಂತು. ಈ ಸಿಟ್ಟು ಇನ್ನೊಂದು ಬಗೆಯದು. ಆರಿಹೋಗಿದ್ದ ಗಂಜಿಯ ಬಟ್ಟಲನ್ನು ಎತ್ತಿ ಗೆಳತಿಯ ಬಾಯಿಗೆ ಹಿಡಿದಳು.

"ಕುಡಿ. ಕುಡಿದು ಬದುಕು. ನಿನ್ನ ಬೈಯೋದು ಇನ್ನೂ ಮುಗಿದಿಲ್ಲ."

ಮುಂದೆ ಪ್ರತಿ ಭಾನುವಾರ ಹೋದಳು, ಬೈದಳು, ಉಣಿಸಿದಳು. ಇಂಜೆಕ್ಷನ್ ಹಿಡಿದು ಹತ್ತು ತಿಂಗಳಲ್ಲಿ ಜಯಲಕ್ಷ್ಮಿ ಗುಣವಾದಳು. ಆದರೆ ಗಂಡ ಮನೆಗೆ ಸೇರಿಸಲಿಲ್ಲ. ಭೀಮಾಬಾಯಿ ಅವನ ಬಾಗಿಲಲ್ಲಿ ನಿಂತು, ಬೀದಿಯವರೆಲ್ಲ ಕೇಳುವಂತೆ ಅವನಿಗೆ ಛೀಮಾರಿ ಹಾಕಿ, ಗೆಳತಿಯನ್ನು ಮಾಂಬಲಕ್ಕೆ ಕರೆತಂದಳು.

"ಕ್ಷಮಿಸಿದ್ಯೇನೇ?" ಎಂದು ಜಯಲಕ್ಷ್ಮಿ ಕೇಳಿದಳು.

"ಇಲ್ಲ."

ಆ ಮಾತನ್ನು ಅವಳು ಕೊನೆಯವರೆಗೂ ಬದಲಿಸಲಿಲ್ಲ. ಇಬ್ಬರೂ ಜಗಳವಾಡಿಕೊಂಡೇ ಆ ಮನೆಯಲ್ಲಿ ಬಾಳಿದರು.